ಅಂಡಾಕೃತಿಯ ಭಾವಚಿತ್ರಗಳು

೧

ಭಾವಚಿತ್ರವೆಂಬ ಮಾತು ಈಗ ನಮ್ಮಲ್ಲಿ ವ್ಯಕ್ತಿಯೊಬ್ಬರ ಮುಖಸಾದೃಶ್ಯವನ್ನು ತೋರಿಸುವ ಚಿತ್ರವೆಂಬ ಅರ್ಥದಲ್ಲಿ ರೂಢವಾಗಿದೆ. ಹಿಂದೆ ಇದಕ್ಕೆ ಬೇರೊಂದು ಅರ್ಥವಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಗ್ರಂಥದಲ್ಲಿ ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯೊಳಗಣ ಪ್ರತಿಬಿಂಬದಂತೆ ಸಾದೃಶ್ಯವು ಕೂಡಿಬರುವಂತೆ ಬರೆದುದು ವಿದ್ಧಚಿತ್ರವೆಂದೂ, ಕಂಡ ಮಾತ್ರಕ್ಕೆ ಶೃಂಗಾರಾದಿ ರಸಗಳು ತೋರಿಬರುವಂಥದು ಭಾವಚಿತ್ರವೆಂದೂ ಲಕ್ಷಣವನ್ನು ಹೇಳಿದ್ದಾನೆ. ಎಂದರೆ ನಾವು ಇಂದು ಭಾವಚಿತ್ರವೆನ್ನುವುದು ಸೋಮೇಶ್ವರನ ಮಾತಿನಲ್ಲಿ ವಿದ್ಧಚಿತ್ರವಾಗುವುದು. ಒಂದರ ಹೆಸರು ಮತ್ತೊಂದಕ್ಕೆ ಸಂದುದು ಕೇವಲ ಅನವಧಾನದಿಂದಾದ ಪ್ರಮಾದವೆಂದು ತಳ್ಳಿಬಿಡಬಹುದು. ಆದರೆ ಸಾದೃಶ್ಯಕ್ಕಾಗಿಯೇ ಹುಟ್ಟಿದ ಮುಖವೊಂದು ಗೋಡೆಯ ಮೇಲಿಂದ ನಮ್ಮನ್ನು ನೋಡುತ್ತಿರುವಾಗ ಮನಸ್ಸಿನಲ್ಲಿ ಭಾವವು ಏಳುವುದು ಸರ್ವಾನುಭವಸಿದ್ಧವಾಗಿರುವುದರಿಂದ, ವಿದ್ಧವು ಭಾವವಾಗುವ ಬಗೆ ಯಾವುದು ಎಂದು ಕೇಳುವುದು ಅಸಂಗತವಾಗಲಾರದು. ಈ ಪ್ರಶ್ನೆಗೆ ಉತ್ತರದ ಒಂದಂಶವು ಚಿತ್ರದ ಅಂಚಿನಲ್ಲಿ, ಮುಖ್ಯವಾಗಿ ಅಂಡಾಕೃತಿಯ ಅಂಚಿನಲ್ಲಿ ಇದೆಯೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಅಂಡಾಕೃತಿಯೆಂಬ ಮಾತನ್ನು ಇಲ್ಲಿ ಸ್ವಲ್ಪ ವಿಶಾಲವಾದ ಅರ್ಥದಲ್ಲಿ ಬಳಸಿದೆ. ಎರಡು ತುದಿಗಳೂ ಸಮವಾಗಿರುವ ದೀರ್ಘವೃತ್ತವೂ, ಕೋಳಿಯ ಮೊಟ್ಟೆಯಂತೆ ಒಂದು ತುದಿ ಅಗಲವಾಗಿ ಇನ್ನೊಂದು ಕಿರಿದಾಗಿರುವ ಆಕಾರವೂ ಇದರಲ್ಲಿ ಸೇರುತ್ತವೆ. ‘ಅಂಡಾಕೃತಿಯ ಚೌಕಟ್ಟು’ ಎಂಬ ಪ್ರಯೋಗದಲ್ಲಿ ಒಂದು ವಿರೋಧವುಂಟು. ಚೌಕಟ್ಟೆಂದರೆ ನಾಲ್ಕು ಪಟ್ಟಿಗಳ ಕಟ್ಟು. ಆ ಮಾತಿನಲ್ಲಿಯೇ ಮೂಲೆಗಳು ಸೇರಿವೆ. ಮೂಲೆಯಿಲ್ಲದ ಚೌಕಟ್ಟಿಗೆ ನಮ್ಮ ಭಾಷೆಯಲ್ಲಿ ಪ್ರತ್ಯೇಕವಾದ ಹೆಸರು ನೆಲೆಗೊಳ್ಳದೆ ಇರುವುದೇ ಈ ವಸ್ತುವು ಹೊರಗಿನಿಂದ ಬಂದುದಕ್ಕೆ ಒಂದು ಸಾಕ್ಷ್ಯವೆನ್ನಬಹುದು.

ಹೊರಗಿನಿಂದ ಬಂದುದಾದರೂ ಅದು ನಮ್ಮ ಮನೆಗಳನ್ನು ಹೊಕ್ಕು ಬಹುಕಾಲವಾಯಿತು. ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳ ನಡುಮನೆಯಲ್ಲಿ ಬಾಗಿಲ ಮೇಲುಗಡೆ ಗೋಡೆಗೆ ತುಸು ಬಾಗಿಸಿ ತಗುಲಿಸಿದ ಇಂಥ ಚಿತ್ರಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಆ ಬಡಾವಣೆಗಳಿಗಿಂತ ಬಹು ಹಿಂದಿನದಾದ ಕೆಂಗೇರಿಯ ಪೇಟೆಯ ಮನೆಗಳಲ್ಲಿಯೂ ಉಂಟು. ರಾಜಾಜಿನಗರವು ಹುಟ್ಟಿದುದು ೧೯೪೯ರಲ್ಲಿ. ಅಲ್ಲಿಯ ಗೋಡೆಗಳ ಮೇಲಿನ ಚಿತ್ರಗಳಾದರೋ ಅನೇಕ ವೇಳೆ ಅದಕ್ಕಿಂತ ಹಳೆಯವು. ಊರುಗಳಿಂದಲೂ ಬೆಂಗಳೂರಿನ ಹಳೆಯ ಪೇಟೆಯಿಂದಲೂ ಹೊಸ ಬಡಾವಣೆಗೆ ಬಂದ ಕುಟುಂಬಗಳು ಪಾತ್ರೆಪದಾರ್ಥಗಳೊಡನೆ ಬಟ್ಟೆಯಲ್ಲಿ ಸುತ್ತಿ ತಂದವು ಅವು. ಹೀಗೆ ಚಿತ್ರವು ಮನೆಗಿಂತ ಹಿರಿಯದಾಗಿರುವುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಲೇಖನದ ಕೊನೆಯಲ್ಲಿ ಈ ವಿಷಯಕ್ಕೆ ಮರಳಿ ಬರಬೇಕಾಗುವುದು.

೨

ಮೊದಲು ಆಕಾರದ ಗುಣವನ್ನು ವಿಚಾರಿಸೋಣ. ಹಲಗೆಯೊಂದರ ಮೇಲೆ ಎರಡು ಮೊಳೆಗಳನ್ನು ಹೊಡೆದು, ಅವುಗಳ ನಡುವಣ ದೂರಕ್ಕಿಂತ ಉದ್ದವಾದ ದಾರದ ತುದಿಗಳನ್ನು ಅವಕ್ಕೆ ಕಟ್ಟಿ, ದಾರವು ಸದಾ ಬಿಗಿಯಾಗಿರುವಂತೆ ಸೀಸದಕಡ್ಡಿಯನ್ನು ಸುತ್ತಲೂ ಆಡಿಸಿದರೆ ದೀರ್ಘವೃತ್ತವು ದೊರೆಯುವುದು. ಮೊಳೆಗಳೆರಡೂ ಒಂದೇ ಎಡೆಗೆ ಬಂದರೆ ಅದೇ ದಾರವು ವೃತ್ತವನ್ನು ಬರೆಯುವುದು. ವೃತ್ತಕ್ಕೆ ಕೇಂದ್ರವೊಂದು, ದೀರ್ಘವೃತ್ತಕ್ಕೆ ನಾಭಿಗಳೆರಡು. ಮನುಷ್ಯನ ಮುಖವನ್ನು ಕೊರಳು ಹೆಗಲುಗಳೊಡನೆ ವೃತ್ತದಲ್ಲಿ ಬರೆದರೆ ಕೆನ್ನೆಗಳ ಎರಡು ಪಕ್ಕಗಳಲ್ಲಿ ಬರಿದಾದ ಎಡೆ ಉಳಿಯುತ್ತದೆ; ದೀರ್ಘವೃತ್ತದಲ್ಲಿ ಬರೆದರೆ ಮುಖದ ಹೊರಗೆರೆಯೂ ಅಂಚಿನ ಗೆರೆಯೂ ಒಂದಕ್ಕೊಂದು ಅನುಗುಣವಾಗಿ ಸಾಗುತ್ತವೆ. ಮುಖವೇ ಒಂದು ಅಂಡ, ಅದನ್ನು ಸುತ್ತುವುದೂ ಅಂಡ.

ಆಯತವೊಂದರ ನಾಲ್ಕು ಬದಿಗಳನ್ನೂ ಮುಟ್ಟುವಂತೆ ದೀರ್ಘವೃತ್ತವನ್ನು ಬರೆದರೆ, ಆಯತದ ಕ್ಷೇತ್ರಫಲದಲ್ಲಿ ನೂರಕ್ಕೆ ಸುಮಾರು ೭೮½ ಪಾಲು ಒಳಗೆ ಉಳಿದು, ೨೧½ ಪಾಲು ನಾಲ್ಕು ಮೂಲೆಗಳಲ್ಲಿ ಹೊರಗಾಗುವುದು. ಹೀಗೆ ಹೊರಗಾಗುವ ಐದರಲ್ಲೊಂದು ಪಾಲಿನಲ್ಲಿ ಸಾಮಾನ್ಯವಾಗಿ ಏನಿರುವುದೆಂಬುದನ್ನು ನೋಡಬೇಕು. ದೊರೆಗಳ ಪಟಗಳಲ್ಲಿಯೂ ಸಿರಿವಂತರ ಪಟಗಳಲ್ಲಿಯೂ ಮೂಲೆಗಳು ತೆರೆ, ಕಂಬ, ರತ್ನಗಂಬಳಿ, ಕತ್ತಿ, ಮೇಜಿನ ಮೇಲಣ ಪುಸ್ತಕ, ಕಿಟಕಿಯಾಚೆಯ ತೋಟ ಇವುಗಳ ಸ್ಥಾನ. ಅವು ವ್ಯಕ್ತಿಯ ಪದವಿಯನ್ನೂ ಐಶ್ವರ್ಯವನ್ನೂ ಅವನಿರುವ ಎಡೆಯನ್ನೂ ಹೇಳುತ್ತವೆ. ಅಂಡಾಕೃತಿಯು ಇವಾವುದಕ್ಕೂ ಎಡೆಗೊಡುವುದಿಲ್ಲ. ಆದುದರಿಂದ ಆಯತದ ಚಿತ್ರವು ಕಿಟಕಿಯಂತಿದೆಯೆಂದೂ, ಅಂಡಾಕೃತಿಯ ಚಿತ್ರವು ಕನ್ನಡಿಯಂತಿದೆಯೆಂದೂ ಹೇಳಬಹುದು. ಕಿಟಕಿಯಲ್ಲಿ ನಾವು ಒಂದು ಸ್ಥಳವನ್ನು ನೋಡುತ್ತೇವೆ. ಕನ್ನಡಿಯಲ್ಲಿ ಮುಖವನ್ನು ಮಾತ್ರ ನೋಡುತ್ತೇವೆ. ಬೇಲೂರಿನ ದರ್ಪಣಸುಂದರಿಯು ಕೈಯಲ್ಲಿ ಹಿಡಿದಿರುವುದೂ ಮೂಲೆಗಳಿಲ್ಲದ ಕೈಗನ್ನಡಿಯೇ. ಸೋಮೇಶ್ವರನು ವಿದ್ಧಚಿತ್ರಕ್ಕೆ ಕನ್ನಡಿಯ ಉಪಮಾನವನ್ನೇ ಕೊಟ್ಟನೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಇದನ್ನು ತಯಾರಿಸುವ ಶ್ರಮ. ಗೆರೆಯೆಳೆಯುವುದು ಸುಲಭವಾದರೂ ಮರದಲ್ಲಿ ಇದನ್ನು ಮಾಡುವುದು ಸುಲಭವಲ್ಲ. ಕೆಂಗೇರಿಯಿಂದ ಮೈಸೂರಿನ ದಾರಿಯಲ್ಲಿ ಮುಂದೆ ಹೋದರೆ ಸಿಕ್ಕುವ ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡಸಲು ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣವನ್ನು ಹಚ್ಚುವುದನ್ನು ನೋಡಿದವರಿಗೆ ಇದು ಒಡನೆಯೇ ಮನಸ್ಸಿಗೆ ಬರುವುದು. ಯಂತ್ರವು ಒಂದೇ ಅಚ್ಚಿನ ಮೇಲೆ ಸುತ್ತುವುದರಿಂದ ಉಳಿಗೆ ಸಿಕ್ಕಿದುದೆಲ್ಲ ದುಂಡಾಗುತ್ತದೆ. ಮೊಟ್ಟೆಯನ್ನು ಕಡೆದರೂ ಅದರ ಅಡ್ಡಕೊಯ್ತವು ವೃತ್ತವೇ. ಅಂಡಾಕೃತಿಯ ಬಳೆಯನ್ನು ಕಡೆಯಬೇಕಾದರೆ ಸುತ್ತುವಾಗಲೇ ಮರವು ಪಕ್ಕಕ್ಕೆ ಸರಿದು ಬರುವಂತೆ ಮಾಡುವ ಬೇರೊಂದು ಉಪಕರಣವು ಬೇಕು. ಇಲ್ಲವೆ ಸಾಗರ ಸೊರಬಗಳ ಗುಡಿಗಾರರು ಶ್ರೀಗಂಧದಲ್ಲಿ ಮಾಡುವಂತೆ ಕೈಯಿಂದಲೇ ಕೆತ್ತಬೇಕು. ಈ ಕಾರಣದಿಂದ ಬಡವರ ಮನೆಗಳಲ್ಲಿ ಚೌಕಟ್ಟು ಆಯತವಾಗಿಯೇ ಉಳಿದು, ಒಳಗೆ ಚಿತ್ರದ ಮೇಲೆ ಅಂಡಾಕೃತಿಯ ಕಂಡಿಯನ್ನು ಕೊರೆದ ರಟ್ಟನ್ನು ಇಡುವ ಉಪಾಯವು ಬಳಕೆಗೆ ಬಂದಿತು. ನಮ್ಮ ಮನೆಗಳಲ್ಲಿ ಕಾಣುವ ಅಂಡಾಕೃತಿಗಳಲ್ಲಿ ಹೆಚ್ಚಿನವು ಈ ಬಗೆಯವು. ಮರಕ್ಕೆ ಹಣವಿಲ್ಲದವರೂ ರಟ್ಟಿನಿಂದಾದರೂ ಆ ಆಕಾರವನ್ನು ಪಡೆಯಲು ಬಯಸಿದರೆಂಬುದು ಅದರ ಆಕರ್ಷಣೆಗೆ ಸಾಕಾದ ಪ್ರಮಾಣ.

೩

ಈ ಆಕಾರವು ಬರುವುದಕ್ಕೆ ಮುಂಚೆ ಕನ್ನಡನಾಡಿನಲ್ಲಿ ವ್ಯಕ್ತಿಗಳ ಸ್ಮರಣೆಯನ್ನು ಉಳಿಸುವ ಕ್ರಮ ಹೇಗಿದ್ದಿತು? ಸ್ಮಾರಕಗಳ ವಿಷಯದಲ್ಲಿ ನಮ್ಮ ನಾಡು ಬಡವಲ್ಲ. ಕಾಳಗದಲ್ಲಿಯೋ ತುರುಗೋಳಿನಲ್ಲಿಯೋ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಬೆಂಗಳೂರೆಂಬ ಹೆಸರಿನ ಅತಿ ಪ್ರಾಚೀನವಾದ ಉಲ್ಲೇಖವು ದೊರೆತಿರುವುದೂ ಬೇಗೂರಿನ ಕ್ರಿ. ಶ. ೯೦೦ರ ಸುಮಾರಿನ ವೀರಗಲ್ಲಿನಲ್ಲಿಯೇ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಣ ಪಟ್ಟಿಕೆಯಲ್ಲಿ ಹೋರಾಟವೂ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದೂ, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದೂ ಕೆತ್ತಲ್ಪಟ್ಟಿರುತ್ತವೆ. ಮೂರೆಡೆಯಲ್ಲಿಯೂ ವೀರನಿದ್ದಾನೆ, ಆದರೆ ಅವನ ಮುಖವು ಇಂಥದೆಂದು ತಿಳಿಯುವುದಿಲ್ಲ. ಒಂದು ಕಲ್ಲಿನ ವೀರನನ್ನು ಮತ್ತೊಂದು ಕಲ್ಲಿನ ವೀರನಿಂದ ಬೇರ್ಪಡಿಸುವುದು ಶಾಸನದ ಹೆಸರೇ ಹೊರತು ಮೂಗು ಕಣ್ಣುಗಳಲ್ಲ. ಅಲ್ಲಿ ಸ್ಮರಣೆಗೆ ಬಂದುದು ಕಾರ್ಯ.

ಮಾಸ್ತಿಕಲ್ಲುಗಳಲ್ಲಿ ಈ ಸಂಕ್ಷೇಪವು ಇನ್ನೂ ಕಠೋರವಾಗಿದೆ. ಗಂಡನೊಡನೆ ಚಿತೆಯೇರಿದ ಹೆಂಗಸನ್ನು ತೋರಿಸಲು ಕಂಬದಿಂದ ಹೊರಚಾಚಿದ, ಬಳೆ ತೊಟ್ಟ, ಎತ್ತಿದ ಒಂದು ತೋಳು ಸಾಕಾಯಿತು. ಬದುಕಿ ಬಾಳಿ ವಯಸ್ಸಾಗಿ ತೀರಿಕೊಂಡ ಹೆಂಗಸಿಗೆ ಅಷ್ಟೂ ಇಲ್ಲ.

ದೊರೆಗಳ ಪ್ರತಿಮೆಗಳಲ್ಲಿ ಸ್ಥಿತಿಯು ಬೇರೆಯೆಂದು ಭಾವಿಸಬಹುದು. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನೂ ತಿರುಮಲದೇವಿ ಚಿನ್ನಾದೇವಿಯರೂ ಕೈಮುಗಿದು ನಿಂತಿರುವ ಲೋಹಪ್ರತಿಮೆಗಳು ಪ್ರಸಿದ್ಧವಾಗಿವೆ. ಅಲ್ಲಿಯೂ ಪ್ರಧಾನವಾದುದು ಭಕ್ತನ ನಿಲವು. ವ್ಯಕ್ತಿ ಯಾರೆಂಬುದನ್ನು ತಿಳಿಸಲು ಹೆಸರನ್ನು ಕೆತ್ತಬೇಕಾಯಿತು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ (ಆಳ್ವಿಕೆ ೧೫೮೦–೧೬೨೭) ಆಸ್ಥಾನದಲ್ಲಿ ಮುಖಸಾದೃಶ್ಯದ ಕಲೆಯು ಉನ್ನತಸ್ಥಿತಿಗೆ ಬಂದಿತು ನಿಜ. ಆದರೆ ಅಲ್ಲಿಯ ಚಿತ್ರಗಳು ಹೆಚ್ಚಾಗಿ ಹಾಳೆಯ ಆಯತದಲ್ಲಿ ಇಡೀ ದೇಹವನ್ನು ಉಡುಪು ಆಯುಧಗಳೊಡನೆ ತೋರಿಸತಕ್ಕವು. ಹೀಗೆ ಕಾರ್ಯ, ನಿಲವು, ಹೆಸರು, ಪದವಿ ಎಂಬ ನಾಲ್ಕು ದಾರಿಗಳಿಂದ ನಮ್ಮವರು ಹಿರಿಯರನ್ನು ನೆನೆಯುತ್ತಿದ್ದರು. ಮುಖವೊಂದರಿಂದಲೇ ನೆನೆಯುವುದೆಂಬ ಐದನೆಯ ದಾರಿಯು ಇನ್ನೂ ತೆರೆದಿರಲಿಲ್ಲ.

ಆದರೂ ಅಂಡಾಕೃತಿಗೆ ನಮ್ಮ ಕಣ್ಣು ಅಪರಿಚಿತವಾಗಿರಲಿಲ್ಲ. ಶಿಲ್ಪಶಾಸ್ತ್ರವು ಮುಖಕ್ಕೆ ಕೋಳಿಯ ಮೊಟ್ಟೆಯ ಆಕಾರವನ್ನು ವಿಧಿಸುತ್ತದೆ. ಅವನೀಂದ್ರನಾಥ ಠಾಕೂರರು ೧೯೧೪ರಲ್ಲಿ ಪ್ರಕಟಿಸಿದ ಭಾರತೀಯ ಶಿಲ್ಪದ ಅಂಗರಚನೆಯ ಪ್ರಬಂಧದಲ್ಲಿ ಈ ಕುಕ್ಕುಟಾಂಡದ ಉಪಮಾನವನ್ನು ಚಿತ್ರಸಮೇತವಾಗಿ ವಿವರಿಸಿದ್ದಾರೆ. ಆ ಪ್ರಬಂಧದ ರೇಖಾಚಿತ್ರಗಳಿಗೆ ನೆರವಾದ ಇಬ್ಬರು ಶಿಷ್ಯರಲ್ಲಿ ಒಬ್ಬರು ನಂದಲಾಲ ವಸು, ಇನ್ನೊಬ್ಬರು ನಮ್ಮವರೇ ಆದ ಕೆ. ವೆಂಕಟಪ್ಪನವರು (೧೮೮೬–೧೯೬೫). ಬೆಂಗಳೂರಿನ ಕಸ್ತೂರಿಬಾ ರಸ್ತೆಯ ಚಿತ್ರಶಾಲೆಯು ಅವರ ಹೆಸರನ್ನೇ ಹೊತ್ತಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೧ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ರಾಜಸಂತತಿಯನ್ನು ‘ಸಂತಾನಾಂಬುಜ’ವೆಂಬ ಹೆಸರಿನಿಂದ ತಾವರೆಯ ದಳದಳವಾಗಿ ವಿಸ್ತರಿಸಿ ಬರೆದಿದೆ. ವಂಶವನ್ನು ಮೂಲೆಗಳಿಲ್ಲದ ಎಸಳುಗಳಲ್ಲಿ ಕಾಣುವ ಅಭ್ಯಾಸವು ನಮ್ಮಲ್ಲಿಯೇ ಇದ್ದಿತೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಬ್ರಹ್ಮಾಂಡ, ಬಾಣಲಿಂಗ, ಸಾಲಗ್ರಾಮ, ಪ್ರಭಾವಳಿ ಇವುಗಳನ್ನೆಲ್ಲ ಒಟ್ಟುಗೂಡಿಸಿ ಗೋಡೆಯ ಮೇಲಣ ಅಂಡಾಕೃತಿಯು ನಮ್ಮ ವೇದಕಾಲದಿಂದ ಬಂದಿತೆಂದು ಸಾಧಿಸುವುದು ಉತ್ಸಾಹದ ಮಾತಾಗುವುದೇ ಹೊರತು ವಿಚಾರದ ಮಾತಾಗದು. ಪ್ರಭಾವಳಿಯನ್ನೇ ತೆಗೆದುಕೊಂಡರೆ, ಅದು ಪೀಠದಿಂದ ಎದ್ದು ಪೀಠಕ್ಕೇ ಇಳಿಯುವ ಕಮಾನು, ಕೆಳಗೆ ಮುಚ್ಚಿಕೊಳ್ಳುವುದಿಲ್ಲ. ಅದು ದೇವತೆಯಿಂದ ಹೊರಸೂಸುವ ತೇಜಸ್ಸು. ಅಂಡಾಕೃತಿಯ ಅಂಚಾದರೋ ಮುಖವನ್ನು ಸುತ್ತುಗಟ್ಟಿ ಕಾಪಾಡುವ ಆವರಣ. ಮೊದಲನೆಯದರ ಚಲನೆ ಒಳಗಿನಿಂದ ಹೊರಕ್ಕೆ, ಎರಡನೆಯದರ ಚಲನೆ ಹೊರಗಿನಿಂದ ಒಳಕ್ಕೆ. ನಮ್ಮ ಸಂಪ್ರದಾಯವು ಈ ಆಕಾರವನ್ನು ಹುಟ್ಟಿಸಲಿಲ್ಲ. ಬಂದ ಆಕಾರವನ್ನು ಸ್ವೀಕರಿಸಲು ಕಣ್ಣನ್ನು ಸಿದ್ಧಗೊಳಿಸಿತ್ತು ಎಂಬಷ್ಟು ಮಾತ್ರ ಹೇಳಬಹುದು.

೪

ಹಾಗಾದರೆ ಅದು ಎಲ್ಲಿಂದ, ಹೇಗೆ ಬಂದಿತು? ರೋಮನರು ಪೂರ್ವಜರ ಮುಖಗಳನ್ನು ದುಂಡಾದ ಗುರಾಣಿಯ ಮೇಲೆ ತೋರಿಸುತ್ತಿದ್ದುದುಂಟು. ಇಂಗ್ಲೆಂಡಿನಲ್ಲಿ ೧೬ನೆಯ ಶತಮಾನದ ಪೂರ್ವಾರ್ಧದಲ್ಲಿ ಹೋಲ್ಬೈನನು ಬರೆದ ಕಿರುಚಿತ್ರಗಳೂ ಬಹುಮಟ್ಟಿಗೆ ವೃತ್ತಗಳೇ. ಅದೇ ಶತಮಾನದ ಕೊನೆಗೆ ನಿಕೊಲಸ್ ಹಿಲಿಯರ್ಡನ (೧೫೪೭–೧೬೧೯) ಕಾಲದಲ್ಲಿ ವೃತ್ತವು ನೀಳವಾಗಿ ಅಂಡಾಕೃತಿಯು ನೆಲೆಗೊಂಡಿತು. ಇವನ್ನು ನಯವಾದ ಚರ್ಮಪತ್ರದ ಮೇಲೆ ಬರೆದು ಹಿಂಬದಿಗೆ ಇಸ್ಪೀಟಿನ ಎಲೆಯನ್ನು ಅಂಟಿಸುತ್ತಿದ್ದರು. ಗೋಡೆಗೆ ತಗುಲಿಸುವುದಕ್ಕಾಗಿ ಇವು ಹುಟ್ಟಲಿಲ್ಲ. ಪದಕದಲ್ಲಿಟ್ಟು ಎದೆಯ ಮೇಲೆ ಧರಿಸುವುದಕ್ಕೂ, ಅಂಗೈಯಲ್ಲಿಟ್ಟುಕೊಂಡು ಒಬ್ಬರೇ ನೋಡುವುದಕ್ಕೂ ಹುಟ್ಟಿದವು. ಮೈಗೆ ತಾಗುವ ವಸ್ತುವಿಗೆ ಮೂಲೆಗಳಿದ್ದರೆ ಚುಚ್ಚುವುದಷ್ಟೆ. ಆಭರಣದ ಈ ಸರಳವಾದ ಅಗತ್ಯವೇ ಆಕಾರದ ಮೊದಲ ಕಾರಣವಾಗಿ, ಆತ್ಮೀಯತೆಯೆಂಬ ಅರ್ಥವು ಅದಕ್ಕೆ ಅಂಟಿಕೊಂಡಿತು.

ಅಂಡಾಕೃತಿಯು ಆ ಕಾಲದ ಯೂರೋಪಿನಲ್ಲಿ ಬೇರೆ ಕ್ಷೇತ್ರಗಳಲ್ಲಿಯೂ ತಲೆಯೆತ್ತುತ್ತಿದ್ದಿತು. ಗ್ರಹಗಳು ಸೂರ್ಯನನ್ನು ಸುತ್ತುವುದು ವೃತ್ತದಲ್ಲಲ್ಲ, ದೀರ್ಘವೃತ್ತದಲ್ಲಿ ಎಂದು ಕೆಪ್ಲರನು ೧೬೦೯ರಲ್ಲಿ ಸಾರಿದನು. ರೋಮಿನಲ್ಲಿ ಸಂತ ಪೀಟರನ ದೇವಾಲಯದ ಮುಂದಣ ಅಂಗಳವನ್ನು ಬೆರ್ನಿನಿಯು ೧೬೫೬ರಿಂದ ಮುಂದೆ ಅಂಡಾಕೃತಿಯಲ್ಲಿ ಕಟ್ಟಿಸಿದನು. ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳಬೇಕಾಗಿಲ್ಲ. ವೃತ್ತವೇ ಪೂರ್ಣವೆಂಬ ಹಳೆಯ ಶ್ರದ್ಧೆಯು ಸಡಿಲವಾಗುತ್ತಿದ್ದ ಕಾಲವದು ಎಂದಷ್ಟೆ ತಿಳಿದರೆ ಸಾಕು.

ಇಂಥ ಕಿರುಚಿತ್ರವು ಭಾರತಕ್ಕೆ ಬಂದ ಒಂದು ಸಂದರ್ಭವು ಸ್ಪಷ್ಟವಾಗಿ ದಾಖಲೆಯಾಗಿದೆ. ಇಂಗ್ಲೆಂಡಿನ ದೊರೆಯ ರಾಯಭಾರಿಯಾಗಿ ಜಹಾಂಗೀರನ ಆಸ್ಥಾನದಲ್ಲಿದ್ದ ಸರ್ ತಾಮಸ್ ರೋ ಎಂಬವನು ೧೬೧೬ರಲ್ಲಿ ತನ್ನಲ್ಲಿದ್ದ ಕಿರುಚಿತ್ರವೊಂದನ್ನು ಬಾದಷಹನಿಗೆ ತೋರಿಸಿದನು. ಅದು ಹಿಲಿಯರ್ಡನ ಶಿಷ್ಯ ಐಸಾಕ್ ಆಲಿವರನ ಕೃತಿಯೆಂದು ವಿದ್ವಾಂಸರು ಹೇಳುತ್ತಾರೆ. ಆಸ್ಥಾನದ ಚಿತ್ರಗಾರರು ಅದಕ್ಕೆ ಪ್ರತಿಗಳನ್ನು ಬರೆದು ಮೂಲದೊಡನೆ ಬೆರೆಸಿ ದೀಪದ ಬೆಳಕಿನಲ್ಲಿ ಮುಂದಿಟ್ಟಾಗ, ತನ್ನದು ಯಾವುದೆಂದು ಗುರುತಿಸಲು ರೋ ಕಷ್ಟಪಡಬೇಕಾಯಿತು. ಅದೇ ವರ್ಷ ಜಹಾಂಗೀರನು ತನ್ನ ಮುಖವಿದ್ದ ಚಿನ್ನದ ಪದಕವನ್ನು ರೋಗೆ ಕೊಟ್ಟನು. ಇಂಥವನ್ನು ತಲೆಯುಡುಗೆಯ ಮೇಲೆ ಧರಿಸುವುದು ಆಸ್ಥಾನಿಕರಿಗೆ ಮಹಾಗೌರವವಾಗಿದ್ದಿತು. ಹೀಗೆ ಪ್ರಿಯರ ನಡುವಣ ಗುಟ್ಟಿನ ವಸ್ತುವು ಇಲ್ಲಿ ಒಡೆಯನಿಗೂ ಸೇವಕನಿಗೂ ನಡುವಣ ಮರ್ಯಾದೆಯ ಚಿಹ್ನೆಯಾಯಿತು.

ಸುಮಾರು ೧೭೦೦ರಲ್ಲಿ ವೆನಿಸಿನ ರೊಸಾಲ್ಬಾ ಕರಿಯೇರಾ ಎಂಬ ಚಿತ್ರಗಾರ್ತಿಯು ಚರ್ಮಪತ್ರಕ್ಕೆ ಬದಲಾಗಿ ಆನೆಯ ದಂತದ ತೆಳುಬಿಲ್ಲೆಯ ಮೇಲೆ ಬರೆಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದಳು. ದಂತದ ಮಾಸಲು ಬಿಳುಪು ಬಣ್ಣದೊಳಗಿಂದ ಇಣುಕಿ ಚರ್ಮಕ್ಕೆ ಜೀವಕಳೆಯನ್ನು ಕೊಡುತ್ತದೆ. ಈ ಕಲೆಯಲ್ಲಿ ನಿಪುಣನಾದ ಜಾನ್ ಸ್ಮಾರ್ಟನು ೧೭೮೫ರಿಂದ ೧೭೯೫ರವರೆಗೆ ಮದರಾಸಿನಲ್ಲಿ ನೆಲೆಸಿ ಆರ್ಕಾಟಿನ ನವಾಬನ ಮನೆತನದವರನ್ನೂ ಆಂಗ್ಲ ಅಧಿಕಾರಿಗಳನ್ನೂ ದಂತದ ಮೇಲೆ ಬರೆದನು. ಮೈಸೂರಿನ ಯುದ್ಧಗಳಿಗಾಗಿ ಸೈನ್ಯವು ಹೊರಡುತ್ತಿದ್ದ ಆ ವರ್ಷಗಳಲ್ಲಿ, ಮನೆಯವರಿಗೆ ಕಳುಹಿಸುವುದಕ್ಕೆಂದು ಇಂಥ ಚಿತ್ರವನ್ನು ಬರೆಸಿಕೊಳ್ಳುವುದು ಅಧಿಕಾರಿಗಳ ವಾಡಿಕೆಯಾಗಿದ್ದಿತು. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ ಬಂದ ತಾಮಸ್ ಹಿಕಿಯು ದಿವಾನ್ ಪೂರ್ಣಯ್ಯನವರೇ ಮೊದಲಾದವರ ಚಿತ್ರಗಳನ್ನು ಬರೆದನು. ಹತ್ತೊಂಬತ್ತನೆಯ ಶತಮಾನದಲ್ಲಿ ದಿಲ್ಲಿಯ ಕುಶಲಿಗಳು ದಂತದ ಅಂಡಾಕೃತಿಯ ಬಿಲ್ಲೆಗಳ ಮೇಲೆ ಮೊಗಲ ಬಾದಷಹರನ್ನೂ ಬೇಗಮರನ್ನೂ ಬರೆದು ಪ್ರವಾಸಿಗಳಿಗೆ ಮಾರುವಷ್ಟರ ಮಟ್ಟಿಗೆ ಈ ಆಕಾರವು ದೇಶದಲ್ಲಿ ಬೇರೂರಿತು. ಆದರೆ ಈವರೆಗೆ ಹೇಳಿದವರೆಲ್ಲ ದೊರೆಗಳು, ದಿವಾನರು, ದೊರೆಸಾನಿಗಳು. ಸಾಮಾನ್ಯರ ಮನೆಯನ್ನು ಇದು ಹೊಕ್ಕುದು ಛಾಯಾಚಿತ್ರದ ಮೂಲಕ.

೫

ಛಾಯಾಚಿತ್ರವು ಅಂಡಾಕೃತಿಯನ್ನು ಕೇವಲ ಅನುಕರಣದಿಂದ ತೆಗೆದುಕೊಳ್ಳಲಿಲ್ಲ. ಅದಕ್ಕೆ ಯಂತ್ರದೊಳಗಣ ಕಾರಣವೊಂದಿದ್ದಿತು. ಗಾಜಿನ ಮಸೂರವು ಬೆಳಕನ್ನು ಎರಚುವುದು ದುಂಡಾಗಿ, ಹಾಳೆಯಾದರೋ ಆಯತ. ವಿಯೆನ್ನಾದ ಪೆಟ್ಜ್‌ವಾಲನು ೧೮೪೦ರಲ್ಲಿ ಮುಖಚಿತ್ರಗಳಿಗೆಂದು ರಚಿಸಿದ ಪ್ರಸಿದ್ಧ ಮಸೂರದಲ್ಲಿ ನಡುಭಾಗವು ಬಹು ಸ್ಫುಟವಾಗಿಯೂ ಅಂಚುಗಳು ಮಸುಕಾಗಿಯೂ ಮೂಡುತ್ತಿದ್ದವು. ಮಸುಕಾದ ಮೂಲೆಗಳನ್ನು ಮರೆಮಾಡಲು ಅಂಡಾಕೃತಿಯ ಕಂಡಿಯುಳ್ಳ ರಟ್ಟೋ ಹಿತ್ತಾಳೆಯ ತಗಡೋ ಅನುಕೂಲವಾಗಿ ಒದಗಿತು. ಇನ್ನು ಕೆಲವರು ಪ್ರತಿಯನ್ನು ಮುದ್ರಿಸುವಾಗಲೇ ಕಂಡಿಯಿದ್ದ ಕಾಗದವನ್ನು ಅಡ್ಡವಿಟ್ಟು, ಹೆಗಲಿನ ಕೆಳಗೆ ಚಿತ್ರವು ಮಂಜಿನಂತೆ ಕರಗಿ ಬಿಳುಪಾಗುವಂತೆ ಮಾಡುತ್ತಿದ್ದರು. ಯಂತ್ರದ ದೋಷವು ಹೀಗೆ ಕಲೆಯ ಗುಣವಾಯಿತು. ಮುಖವು ಎಲ್ಲಿಯೂ ನಿಂತಿಲ್ಲ, ಯಾವ ಕುರ್ಚಿಯಲ್ಲಿಯೂ ಕುಳಿತಿಲ್ಲ. ನೆನಪಿನಲ್ಲಿ ಮೂಡುವ ಮುಖದಂತೆ ತಾನೇ ತಾನಾಗಿ ಇದೆ.

ಬೆಂಗಳೂರಿನ ದಂಡುಪ್ರದೇಶದಲ್ಲಿ ಬಾರ್ಟನ್ ಮೊದಲಾದವರ ಛಾಯಾಚಿತ್ರಶಾಲೆಗಳು ಹತ್ತೊಂಬತ್ತನೆಯ ಶತಮಾನದ ಉತ್ತರಭಾಗದಲ್ಲಿಯೇ ನಡೆಯುತ್ತಿದ್ದವು, ೧೯೧೦ರಲ್ಲಿ ಜಿ. ಕೆ. ವೇಲ್ ಅವರ ಚಿತ್ರಶಾಲೆಯು ಹುಟ್ಟಿತು. ಮೊದಲು ಅಧಿಕಾರಿಗಳೂ ವಕೀಲರೂ ವರ್ತಕರೂ, ಬರುಬರುತ್ತ ಶಾಲೆಯ ಉಪಾಧ್ಯಾಯರೂ ಗುಮಾಸ್ತರೂ ಶಾನುಭೋಗರೂ ಚಿತ್ರ ತೆಗೆಸಿಕೊಂಡರು. ಚಿತ್ರ ತೆಗೆಸಿದರೆ ಆಯುಸ್ಸು ಕುಂದುವುದೆಂಬ ಹೆದರಿಕೆಯಿಂದ ಹಿಂಜರಿದ ವೃದ್ಧರೂ ಉಂಟು. ಅನೇಕ ಹೆಂಗಸರ ಪಾಲಿಗೆ ಜೀವಮಾನದಲ್ಲಿ ತೆಗೆಸಿದುದು ಒಂದೇ ಚಿತ್ರ, ಅದೂ ಗಂಡನ ಪಕ್ಕದಲ್ಲಿಯೋ ಮಕ್ಕಳ ಗುಂಪಿನ ನಡುವೆಯೋ ಕುಳಿತು ತೆಗೆಸಿದುದು. ಆಕೆಯು ತೀರಿಕೊಂಡ ಮೇಲೆ ಆ ಗುಂಪಿನಿಂದ ಮುಖವೊಂದನ್ನೇ ಬೇರ್ಪಡಿಸಿ, ದೊಡ್ಡದು ಮಾಡಿಸಿ, ಪಕ್ಕದವರ ತೋಳು ಹೆಗಲುಗಳು ಕಾಣದಂತೆ ಅಂಡಾಕೃತಿಯ ರಟ್ಟಿನಿಂದ ಮುಚ್ಚಿ ತೂಗುಹಾಕುತ್ತಿದ್ದರು. ಅಂಡಾಕೃತಿಯು ಇಲ್ಲಿ ಮಾಡಿದ ಕೆಲಸವನ್ನು ಆಯತವು ಮಾಡಲಾರದಾಗಿದ್ದಿತು.

ವಿಚಾರವು ಇಲ್ಲಿಗೆ ಬಂದಾಗ ಹಿಂದೆ ಹೇಳಿದ ವೀರಗಲ್ಲು ಮಾಸ್ತಿಕಲ್ಲುಗಳನ್ನು ಮತ್ತೆ ನೆನೆಯಬೇಕು. ಕಾಳಗದಲ್ಲಿ ಮಡಿಯದ, ಚಿತೆಯೇರದ, ದಾನಶಾಸನವನ್ನು ಬರೆಸದ, ಅಡಿಗೆ ಮಾಡಿ ಮಕ್ಕಳನ್ನು ಸಾಕಿ ಕಣ್ಮುಚ್ಚಿದ ಒಬ್ಬ ಅಜ್ಜಿಗೆ ಕನ್ನಡನಾಡಿನ ಸ್ಮಾರಕಗಳಲ್ಲಿ ಮೊದಲ ಬಾರಿಗೆ ಸ್ಥಾನವು ದೊರೆತುದು ಈ ಅಂಡಾಕೃತಿಯೊಳಗೆ. ಆಕೆಯ ವಿಷಯದಲ್ಲಿ ಹೇಳಲು ಕಾರ್ಯವಿಲ್ಲ, ಪದವಿಯಿಲ್ಲ. ಆದುದರಿಂದ ಮೂಲೆಗಳಲ್ಲಿ ತುಂಬತಕ್ಕದ್ದು ಏನೂ ಇಲ್ಲ. ಮುಖವಿದೆ, ಅದು ಸಾಕು. ಗಾಜಿನ ಮೇಲೆ ಹಣೆಯ ಎಡೆಗೆ ಇಟ್ಟ ಕುಂಕುಮವೂ, ಮೇಲಿನಿಂದ ಇಳಿಬಿಟ್ಟ ಹೂಮಾಲೆಯೂ ಆ ಆಕಾರವನ್ನು ನಮ್ಮದಾಗಿ ಮಾಡಿದವು. ಇಳಿಬಿದ್ದ ಮಾಲೆಯ ಬಾಗು ಅಂಡಾಕೃತಿಯ ಕೆಳಗಣ ಬಾಗಿಗೆ ಎಷ್ಟು ಸಮೀಪವಾಗಿ ಹೊಂದುವುದೆಂಬುದನ್ನು ಯಾರಾದರೂ ನೋಡಬಹುದು. ಪ್ರಿಯರ ಎದೆಯ ಮೇಲೆ ಹುಟ್ಟಿ, ಬಾದಷಹನ ಆಸ್ಥಾನದಲ್ಲಿ ಮರ್ಯಾದೆಯ ಚಿಹ್ನೆಯಾಗಿದ್ದ ಆಕಾರವು ನಮ್ಮ ನಡುಮನೆಯಲ್ಲಿ ಪಿತೃಸ್ಮರಣೆಯ ಆಕಾರವಾಯಿತು. ಸೋಮೇಶ್ವರನ ಮಾತಿನಲ್ಲಿ ಹೇಳುವುದಾದರೆ, ಯಂತ್ರವು ಕೊಟ್ಟುದು ವಿದ್ಧಚಿತ್ರ. ಮೂಲೆಗಳನ್ನು ಕಳೆದು ಮಾಲೆಯನ್ನು ಹಾಕಿದ ಮೇಲೆ ಅದು ಭಾವಚಿತ್ರವಾಯಿತು. ಹೆಸರು ಬದಲಾದುದು ಪ್ರಮಾದವಲ್ಲವೆಂದು ನಮಗೆ ತೋರುವುದು ಈ ಕಾರಣದಿಂದ.

೬

ಸಾಹಿತ್ಯದ ಅಧ್ಯಾಪಕರಿಗೆ ಈ ಸಂದರ್ಭದಲ್ಲಿ ಎಡ್ಗರ್ ಆಲನ್ ಪೋ ಎಂಬ ಅಮೆರಿಕದ ಲೇಖಕನು ೧೮೪೨ರಲ್ಲಿ ಪ್ರಕಟಿಸಿದ, ಅಂಡಾಕೃತಿಯ ಭಾವಚಿತ್ರವನ್ನೇ ವಸ್ತುವಾಗಿ ಉಳ್ಳ ಕಿರುಗತೆಯು ನೆನಪಿಗೆ ಬರಬಹುದು. ಚಿತ್ರಗಾರನೊಬ್ಬನು ತನ್ನ ಹೆಂಡತಿಯನ್ನು ಮುಂದೆ ಕುಳ್ಳಿರಿಸಿಕೊಂಡು ಬರೆಯುತ್ತ ಹೋದಂತೆ ಆಕೆಯ ಜೀವಕಳೆಯು ಪಟಕ್ಕೆ ಇಳಿದು, ಚಿತ್ರವು ಮುಗಿದ ಗಳಿಗೆಯಲ್ಲಿ ಆಕೆಯು ಪ್ರಾಣಬಿಟ್ಟಿರುತ್ತಾಳೆ. ನಮ್ಮ ವೃದ್ಧರ ಹೆದರಿಕೆಯೂ ಈ ಕಥೆಯ ಹೆದರಿಕೆಯೂ ಒಂದೇ ಬಗೆಯವು. ಆದರೆ ನಮ್ಮ ನಡುಮನೆಯಲ್ಲಿ ಕ್ರಮವು ತಿರುಗುಮುರುಗು. ಇಲ್ಲಿ ಜೀವವು ಮೊದಲು ಹೋಗುತ್ತದೆ, ಅಂಡಾಕೃತಿಯು ಆಮೇಲೆ ಬರುತ್ತದೆ.

ಹೊಸ ಕಲೆಯೂ ಈ ಆಕಾರವನ್ನು ಬಿಟ್ಟಿಲ್ಲ. ಪಿಕಾಸೊ ಮತ್ತು ಬ್ರಾಕ್ ಇಬ್ಬರೂ ೧೯೧೦ರಿಂದ ಮುಂದಣ ಕೆಲವು ವರ್ಷಗಳಲ್ಲಿ ಅಂಡಾಕೃತಿಯ ಪಟಗಳನ್ನು ಬಹುವಾಗಿ ಬರೆದರು. ೧೯೧೨ರ ಪಿಕಾಸೊನ ಪಟವೊಂದರಲ್ಲಿ ಚೌಕಟ್ಟಿಗೆ ಬದಲಾಗಿ ಹಗ್ಗವನ್ನೇ ಸುತ್ತಿದೆ. ವಸ್ತುಗಳನ್ನು ಮುಖಮುಖವಾಗಿ ಒಡೆದು ತೋರಿಸುತ್ತಿದ್ದ ಅವರಿಗೆ ನಡುವೆ ದಟ್ಟವಾಗಿದ್ದುದು ಮೂಲೆಗಳಿಗೆ ಬಂದಾಗ ತೆಳುವಾಗಿ ತೊಡಕಾಗುತ್ತಿದ್ದಿತು. ಮೂಲೆಗಳನ್ನೇ ತೆಗೆದರೆ ತೊಡಕಿಲ್ಲ. ಉದ್ದೇಶವು ಬೇರೆಯಾದರೂ ಅವರು ಕಂಡುಕೊಂಡ ಸತ್ಯವು ನಮ್ಮ ರಟ್ಟು ಕೊರೆಯುವವನದೇ: ನಡುವಣದು ಮುಖ್ಯವಾದಾಗ ಮೂಲೆಯು ಹೊರೆ.

೭

ಈಗ ಮೊದಲಿನ ಮಾತಿಗೆ ಮರಳೋಣ. ಪಶ್ಚಿಮ ಬೆಂಗಳೂರಿನ ಹಳೆಯ ಮನೆಗಳು ಬಿದ್ದು ಅವುಗಳ ಎಡೆಯಲ್ಲಿ ಬಹುಮಹಡಿಯ ಕಟ್ಟಡಗಳು ಏಳುತ್ತಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿದೆ. ಇತ್ತೀಚೆಗೆ ರಾಜಾಜಿನಗರದ ಪರಿಚಿತರ ಮನೆಯೊಂದನ್ನು ಕೆಡವುವ ಮುನ್ನ ಅಲ್ಲಿಗೆ ಹೋಗಿದ್ದೆವು. ಮನೆಯವರ ಮುತ್ತಜ್ಜಿಯದೆಂದು ಹೇಳುತ್ತಿದ್ದ ಅಂಡಾಕೃತಿಯ ಚಿತ್ರವನ್ನು ಅಂಗಡಿಯೊಂದರಲ್ಲಿ ಹೊಸದಾಗಿ ಪ್ರತಿ ಮಾಡಿಸಿ ತಂದಿದ್ದರು. ಪ್ರತಿಯು ಆಯತವಾಗಿತ್ತು. ಬರಿದಾದ ಮೂಲೆಗಳನ್ನು ಅಂಗಡಿಯವರು ಯಂತ್ರದ ನೆರವಿನಿಂದ ತುಂಬಿ, ಆಕೆಯ ಹಿಂದೆ ಹೂದೋಟವೊಂದನ್ನು ಕಲ್ಪಿಸಿದ್ದರು. ಹೆಗಲಿನ ಕೆಳಗೆ ಆಕೆಯು ಎಂದೂ ಉಡದ ಸೀರೆಯೊಂದು ಮೂಡಿತ್ತು. ಹಳೆಯ ರಟ್ಟನ್ನು ಅಂಗಡಿಯಲ್ಲಿಯೇ ಬಿಸುಟುಬಂದಿದ್ದರು. ಅದರ ಹಿಂಬದಿಯಲ್ಲಿ ಏನಾದರೂ ಬರೆದಿತ್ತೆ ಎಂದು ಕೇಳಿದಾಗ, ಸೀಸದಕಡ್ಡಿಯಲ್ಲಿ ಹೆಸರೂ ಊರೂ ಇದ್ದುವು, ಓದಲಾಗಲಿಲ್ಲ ಎಂದರು. ಮುತ್ತಜ್ಜಿಯ ಹೆಸರು ಆ ಮನೆಯಲ್ಲಿ ಯಾರಿಗೂ ತಿಳಿಯದು.

ಮನೆಯವರನ್ನು ದೂರುವುದು ನ್ಯಾಯವಲ್ಲ. ಚೆನ್ನಾಗಿ ಕಾಣಲೆಂದೇ ಅವರು ಅದನ್ನು ಮಾಡಿಸಿದರು. ಆದರೆ ವೀರಗಲ್ಲಿನ ಅಕ್ಷರವೊಂದು ಸವೆದರೆ ವ್ಯಥೆಪಡುವ ವಿದ್ವಾಂಸರು ಇಂಥ ಸ್ಮಾರಕಗಳು ಪ್ರತಿದಿನವೂ ನಾಶವಾಗುತ್ತಿರುವುದನ್ನು ಗಮನಿಸದಿರುವುದು ಆಶ್ಚರ್ಯಕರವಾಗಿದೆ. ಶಾಸನವಿಲ್ಲದವರ ಶಾಸನಗಳು ಇವು. ಇವುಗಳನ್ನು ಉಳಿಸಲು ದೊಡ್ಡ ಧನಸಹಾಯವೇನೂ ಬೇಕಾಗಿಲ್ಲ. ಚಿತ್ರವನ್ನು ರಟ್ಟಿನಿಂದ ಬಿಡಿಸುವುದಕ್ಕೆ ಮುನ್ನ ಮುಂಬದಿ ಹಿಂಬದಿಗಳೆರಡರ ಪ್ರತಿಯನ್ನೂ ತೆಗೆಯತಕ್ಕದ್ದು, ಚಿತ್ರಶಾಲೆಯ ಮುದ್ರೆಯಿದ್ದರೆ ಗುರುತುಹಾಕಿಕೊಳ್ಳತಕ್ಕದ್ದು, ಮೂಲೆಗಳನ್ನು ತುಂಬಿಸಕೂಡದು, ಮನೆಯ ಹಿರಿಯರು ಇರುವಾಗಲೇ ಹೆಸರು, ಊರು, ಸಂಬಂಧಗಳನ್ನು ಕೇಳಿ ಹೊಸ ಕಾಗದದಲ್ಲಿ ಬರೆದು ಹಿಂದೆ ಇಡತಕ್ಕದ್ದು. ಪ್ರೌಢಶಾಲೆಯ ಮತ್ತು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಒಂದು ರಜೆಯೊಳಗೆ ಮಾಡಬಹುದಾದ ಕೆಲಸವಿದು. ಕನ್ನಡದ ಅಧ್ಯಾಪಕರು ಈ ವಿಷಯದಲ್ಲಿ ಮನಸ್ಸು ಮಾಡಬೇಕೆಂದೂ, ಹೀಗೆ ದೊರೆತ ಹೆಸರುಗಳನ್ನೂ ಚಿತ್ರಗಳನ್ನೂ ಒಂದೆಡೆ ಕಲೆಹಾಕಲು ಪಂಡಿತಮಂಡಲಿಗಳು ಮುಂದಾಗಬೇಕೆಂದೂ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.